ನಕ್ಕ್-ನಿಕ್ಕ್ ಎಂದರೆ ನಗುವುದೇಕೆ?

ಹೋದ ವರ್ಷ ಹುಣಸೆಹಣ್ಣಿನ ವ್ಯಾಪಾರಕ್ಕೆಂದು ಹರೂರಿಗೆ ಹೋಗಿದ್ದೆ. ಆ ಸೀಮೆ 1792ರವರೆಗೆ ಟಿಪ್ಪು ಸುಲ್ತಾನರ ಆಳ್ವಿಕೆಯಲ್ಲಿತ್ತು. ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಇಂಗ್ಲಿಷರ ಪಾಲಾಗಿ ಸೇಲಂ ಜಿಲ್ಲೆಗೆ ಸೇರಿತು; 1965ರಿಂದ ಅದು ಧರ್ಮಪುರಿ ಜಿಲ್ಲೆ. ತಮಿಳಿನ ಜೊತೆಗೆ ಕನ್ನಡ, ತೆಲುಗು, ಉರ್ದು ಮಾತನಾಡುವವರೂ ಆ ಜಿಲ್ಲೆಯಲ್ಲಿದ್ದಾರೆ.

ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದಂಗಡಿಯಲ್ಲಿ ಮೈಮರೆತು ಬ್ಯಾರಿಯಲ್ಲೇ ಹೇಳಿಬಿಟ್ಟೆ: "ನಕ್ಕ್ ಒರು ಚಾಯ." ಅಂಗಡಿಯವರು ತಲೆಯೆತ್ತದೆ ಒಂದು ಲೋಟ ಚಹಾ ಮುಂದಿಟ್ಟರು. ಯಾರೂ ನಗಲಿಲ್ಲ.

ನಗಲಿಲ್ಲ ಎಂಬುದೇ ನನಗೆ ವಿಶೇಷವೆನಿಸಿತು. ನಮ್ಮ ಕರಾವಳಿಯಲ್ಲಿ 'ನಕ್ಕ್-ನಿಕ್ಕ್' ಎಂಬುದು ನಮ್ಮ ಭಾಷೆಗೆ ಅಂಟಿದ ಅಡ್ಡಹೆಸರು. ಅರ್ಥ ಇಷ್ಟೇ: ನನಗೆ, ನಿನಗೆ. ಶಾಲೆಯಲ್ಲಿ ಒಮ್ಮೆ ನನ್ನ ಬಾಯಿಂದ ಆ ಮಾತು ಜಾರಿದಾಗ ಇಡೀ ತರಗತಿ ನಕ್ಕಿತ್ತು. ಆಮೇಲೆ ಮನೆಯ ಹೊರಗೆ ನಾನು ಬ್ಯಾರಿ ಆಡಿದ್ದು ಕಡಿಮೆ.

ಹರೂರಿನವರಿಗೆ ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ತಮಿಳಿನಲ್ಲಿ ಎನಕ್ಕು, ಉನಕ್ಕು. ಮಲಯಾಳದಲ್ಲಿ ಎನಿಕ್ಕ್, ನಿನಕ್ಕ್. ಹಳೆಯ ಕನ್ನಡದಲ್ಲಿ ಎನಗೆ, ನಿನಗೆ. ಎಲ್ಲವೂ ಒಂದೇ ಮನೆಯ ಮಕ್ಕಳು. ಅಂದಮೇಲೆ ನಗು ಪದದಲ್ಲಿಲ್ಲ, ಕೇಳುವವರ ಕಿವಿಯಲ್ಲಿದೆ.

ಹಾಗಾದರೆ ಮನುಷ್ಯ ನಗುವುದೇಕೆ? ಇಂಗ್ಲೆಂಡಿನ ಥಾಮಸ್ ಹಾಬ್ಸ್ 1651ರಲ್ಲೇ ಒಂದು ಉತ್ತರ ಕೊಟ್ಟಿದ್ದ: ಇನ್ನೊಬ್ಬರ ಕೊರತೆ ಕಂಡು 'ನಾನು ಮೇಲು' ಎಂದು ತಟ್ಟನೆ ಅನಿಸಿದಾಗ ನಗು ಬರುತ್ತದೆ. ನಿರೀಕ್ಷಿಸಿದ್ದೊಂದು, ಎದುರಾದದ್ದು ಇನ್ನೊಂದು ಆದಾಗ ನಗುತ್ತೇವೆ ಎಂದವರು ಕಾಂಟ್. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್ ಸುಮಾರು 1200 ನಗುಗಳನ್ನು ಗಮನಿಸಿ ಹೇಳಿದ್ದು ಬೇರೆಯೇ: ಹೆಚ್ಚಿನ ನಗು ಜೋಕಿಗಲ್ಲ, ಸಾಧಾರಣ ಮಾತಿಗೇ ಹುಟ್ಟುತ್ತದೆ. ನಗುವುದು ಜೊತೆಯವರ ಸಲುವಾಗಿ. ನನ್ನ ಸಹಪಾಠಿಗಳೂ ಕೆಟ್ಟವರೇನಲ್ಲ. ಒಟ್ಟಿಗೆ ನಕ್ಕು ಒಂದು ಗುಂಪಾದರು. ಹೊರಗುಳಿದವನು ನಾನೊಬ್ಬನೇ.

ಇದರಲ್ಲಿ ನಾವೂ ಕಡಿಮೆಯಿಲ್ಲ. ಮದುವೆ ಮನೆಗಳಲ್ಲಿ ಬೇರೆ ಊರಿನ ಬ್ಯಾರಿಗಳ ರಾಗಕ್ಕೆ ನಕ್ಕವರು ನಾವೇ ಅಲ್ಲವೇ?

2009ರಲ್ಲಿ ನಮ್ಮ ಭಾಷೆಗೆ ಅಕಾಡೆಮಿ ಬಂತು. 2011ರ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ 'ಬ್ಯಾರಿ' ಸಿನಿಮಾ ಮರಾಠಿಯ 'ದೇವೂಳ್' ಜೊತೆ ಅತ್ಯುತ್ತಮ ಚಿತ್ರದ ಗೌರವ ಹಂಚಿಕೊಂಡಿತು. ಅಷ್ಟಾದರೂ ನನ್ನ ಮಗಳು ಗೆಳತಿಯರ ಎದುರು ಉಮ್ಮನ ಫೋನ್ ಬಂದರೆ ಇಂಗ್ಲಿಷಿನಲ್ಲೇ ಉತ್ತರಿಸುತ್ತಾಳೆ. ಉಮ್ಮನಿಗೆ ಅರ್ಧ ಅರ್ಥವಾಗುತ್ತದೆ, ಇನ್ನರ್ಧಕ್ಕೆ ಸುಮ್ಮನಾಗುತ್ತಾರೆ. ಅವಳನ್ನು ಗದರಲು ನನಗೆ ಬಾಯಿಲ್ಲ. ನಾಚಿಕೆಯ ದಾರಿ ತೋರಿಸಿದವನು ನಾನೇ.

ಊರಿಗೆ ಬಂದವನೇ ಅವಳಿಗೆ ಹರೂರಿನ ಚಹಾದ ಕಥೆ ಹೇಳಿದೆ. "ಯಾರೂ ನಗಲಿಲ್ವಾ ಬಾಪಾ?" ಎಂದು ಎರಡು ಸಲ ಕೇಳಿದಳು. ಆ ರಾತ್ರಿ ಉಮ್ಮನಿಗೆ ತಾನೇ ಫೋನ್ ಮಾಡಿದಳು. ತಪ್ಪುತಪ್ಪು ಬ್ಯಾರಿ. ಅತ್ತ ಕಡೆಯಿಂದ ಉಮ್ಮನ ನಗು ಕೇಳಿಸಿತು. ಅದು ಯಾರನ್ನೂ ಹೊರಗಿಡುವ ನಗುವಾಗಿರಲಿಲ್ಲ.