ಹಾಲಿನ ಕಲ್ಲು ಮತ್ತು ಕಡಲೆಕಾಯಿ ಎಣ್ಣೆಯ ಎಂಜಿನ್

ಹಾಲಿನಿಂದ ಪ್ಲಾಸ್ಟಿಕ್ ಮಾಡಬಹುದು, ಬೀಜದ ಎಣ್ಣೆಯಿಂದ ವಾಹನ ಓಡಿಸಬಹುದು ಎಂಬ ಮಾತುಗಳು ಈಗ ಹೊಸ ಸುದ್ದಿಯಂತೆ ಕೇಳಿಬರುತ್ತಿವೆ. ವಾಸ್ತವದಲ್ಲಿ ಇವೆರಡೂ 1900ರಷ್ಟು ಹಿಂದೆಯೇ ಪ್ಯಾರಿಸ್ ನಗರದ ವಿಶ್ವ ವಸ್ತುಪ್ರದರ್ಶನದಲ್ಲಿ ಜನರ ಮುಂದೆ ಬಂದಿದ್ದವು.

ಮೊದಲನೆಯದರ ಕಥೆ ನಮ್ಮಂಥ ಉಪಾಧ್ಯಾಯರಿಗೆ ಹತ್ತಿರದ್ದು. ಜರ್ಮನಿಯ ಹ್ಯಾನೋವರಿನಲ್ಲಿ ವಿಲ್‌ಹೆಲ್ಮ್ ಕ್ರಿಶ್ ಎಂಬ ಮುದ್ರಣೋದ್ಯಮಿಯಿದ್ದ. ಶಾಲೆಯ ಮಕ್ಕಳಿಗೆ ಕಪ್ಪು ಸ್ಲೇಟಿನ ಬದಲು ತೊಳೆಯಬಹುದಾದ ಬಿಳಿಯ ಹಲಗೆ ಬೇಕೆಂಬ ಬೇಡಿಕೆ ಅವನ ಬಳಿಗೆ ಬಂದಿತು. ರಟ್ಟಿನ ಮೇಲೆ ಹಾಲಿನ ಕೇಸೀನ್ ಎಂಬ ಪ್ರೋಟೀನನ್ನು ಲೇಪಿಸಿ ನೋಡಿದ; ನೀರು ಸೋಕಿದರೆ ಅದು ನಿಲ್ಲುತ್ತಿರಲಿಲ್ಲ. ಆಗ ರಸಾಯನಶಾಸ್ತ್ರ ಬಲ್ಲ ಅಡಾಲ್ಫ್ ಸ್ಪಿಟ್ಲರ್ ಜೊತೆಯಾದ. ಫಾರ್ಮಾಲ್ಡಿಹೈಡ್ ಬೆರೆತರೆ ಕೇಸೀನ್ ಕೊಂಬಿನಂತೆ ಗಟ್ಟಿಯಾಗುವುದೆಂದು ಕಂಡುಬಂದಿತು. (ಸ್ಪಿಟ್ಲರನ ಬೆಕ್ಕು ಆ ದ್ರಾವಣವನ್ನು ತನ್ನ ಹಾಲಿನ ಬಟ್ಟಲಿಗೆ ಉರುಳಿಸಿತೆಂಬ ಕಥೆಯೊಂದುಂಟು. ದಂತಕಥೆಯೆಂದೇ ನನ್ನ ಭಾವನೆ. ವಿಜ್ಞಾನದ ಚರಿತ್ರೆಯಲ್ಲಿ ಇಂಥ ಬೆಕ್ಕುಗಳು ಬಹಳ!) 1899ರಲ್ಲಿ ಪೇಟೆಂಟ್ ದೊರೆಯಿತು. ಹೆಸರು ಗ್ಯಾಲಲಿತ್, ಗ್ರೀಕ್ ಭಾಷೆಯ ಪದಗಳಿಂದ ಕಟ್ಟಿದ್ದು. ಅರ್ಥ 'ಹಾಲಿನ ಕಲ್ಲು'.

ಬಿಳಿಯ ಹಲಗೆಗಳು ಶಾಲೆಗಳನ್ನು ತುಂಬಲಿಲ್ಲ. ಆದರೆ ಹಾಲಿನ ಕಲ್ಲಿನಿಂದ ಗುಂಡಿ, ಬಾಚಣಿಗೆ, ಹೆಣಿಗೆಯ ಕಡ್ಡಿ, ಫೌಂಟನ್ ಪೆನ್ನು, ಆಭರಣಗಳು ಹೇರಳವಾಗಿ ತಯಾರಾದವು. ಇಂಗ್ಲೆಂಡಿನ ಸ್ಟ್ರೌಡ್ ಪಟ್ಟಣದಲ್ಲಿ ಇದೇ ವಸ್ತು ಎರಿನಾಯ್ಡ್ ಎಂಬ ಹೆಸರಿನಲ್ಲಿ ತಯಾರಾಗುತ್ತಿತ್ತು. ಇದರ ದೊಡ್ಡ ದೋಷವೆಂದರೆ, ಒಮ್ಮೆ ಗಟ್ಟಿಯಾದ ಮೇಲೆ ಕರಗಿಸಿ ಅಚ್ಚಿಗೆ ಹೊಯ್ಯಲು ಬಾರದು. ದಪ್ಪನೆಯ ಹಾಳೆಗಳನ್ನು ಫಾರ್ಮಾಲಿನ್ ದ್ರಾವಣದಲ್ಲಿ ತಿಂಗಳುಗಟ್ಟಲೆ ನೆನೆಸಿಟ್ಟು, ಆಮೇಲೆ ಕೊರೆದು ಕತ್ತರಿಸಬೇಕಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಹಾಲು ಜನರ ಆಹಾರಕ್ಕೇ ಬೇಕಾಯಿತು. ಯುದ್ಧಾನಂತರ ಪೆಟ್ರೋಲಿಯಮ್ಮಿನಿಂದ ಬಂದ ಪ್ಲಾಸ್ಟಿಕ್‌ಗಳು ಕ್ಷಣಾರ್ಧದಲ್ಲಿ ಅಚ್ಚಿನಿಂದ ಹೊರಬೀಳತೊಡಗಿದವು. ಹಾಲಿನ ಕಲ್ಲು ಹಿಂದೆ ಸರಿಯಿತು.

ಮನೆಯಲ್ಲಿ ಮಾಡಿ ನೋಡುವವರು ಫಾರ್ಮಾಲಿನ್ ಮುಟ್ಟಬಾರದು, ಅದು ವಿಷ. ಕೆನೆ ತೆಗೆದ ಹಾಲನ್ನು ಬಿಸಿಮಾಡಿ ವಿನೆಗರ್ ಬೆರೆಸಿ ಒಡೆಸುವುದು, ಗಡ್ಡೆಯನ್ನು ತೊಳೆದು ಬಟ್ಟೆಯಲ್ಲಿ ಹಿಂಡುವುದು, ಒತ್ತಿ ಗುಂಡಿಯ ಆಕಾರ ಕೊಟ್ಟು ಕೆಲವು ದಿನ ಒಣಗಿಸುವುದು. ಪನೀರು ಮಾಡಲು ಬಲ್ಲ ಗೃಹಿಣಿಗೆ ಇದರಲ್ಲಿ ಹೊಸತೇನೂ ಇಲ್ಲ. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಕೇಸೀನ್ ಇರುವುದು ಸುಮಾರು 25ರಿಂದ 30 ಗ್ರಾಂ ಮಾತ್ರ. ಈಗಿನ ಹಾಲಿನ ದರದಲ್ಲಿ ಒಂದು ಅಂಗಿಯ ಗುಂಡಿಗಳ ಬೆಲೆಯೆಷ್ಟಾಗುವುದೆಂದು ನೀವೇ ಲೆಕ್ಕ ಹಾಕಿರಿ. ನೀರಿನಲ್ಲಿ ನೆನೆದರೆ ಆ ಗುಂಡಿಗಳು ಮೆತ್ತಗಾಗುತ್ತವೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿರಿ.

ಇನ್ನು ಎಂಜಿನ್ನಿನ ವಿಷಯ. ಅದೇ ಪ್ಯಾರಿಸ್ ಪ್ರದರ್ಶನದಲ್ಲಿ ರುಡಾಲ್ಫ್ ಡೀಸೆಲ್‌ನ ವಿನ್ಯಾಸದ ಚಿಕ್ಕ ಎಂಜಿನ್ ಒಂದು ಕಡಲೆಕಾಯಿ ಎಣ್ಣೆಯಿಂದ ಓಡಿತು. ಖನಿಜ ತೈಲಕ್ಕಾಗಿ ಕಟ್ಟಿದ್ದ ಯಂತ್ರವದು. ಯಾವ ಮಾರ್ಪಾಡೂ ಇಲ್ಲದೆ ಅಷ್ಟು ಸರಾಗವಾಗಿ ನಡೆಯಿತೆಂದರೆ, ಇಂಧನ ಬೇರೆಯೆಂಬುದು ಬಹಳ ಜನರ ಗಮನಕ್ಕೇ ಬರಲಿಲ್ಲವಂತೆ. ಈ ಪ್ರಯೋಗವನ್ನು ಬಯಸಿದ್ದು ಫ್ರೆಂಚ್ ಸರ್ಕಾರ. ಆಫ್ರಿಕದ ತನ್ನ ವಸಾಹತುಗಳಲ್ಲಿ ಕಡಲೆಕಾಯಿ ಯಥೇಚ್ಛವಾಗಿ ಬೆಳೆಯುತ್ತಿದ್ದುದರಿಂದ ಅಲ್ಲಿಯ ಯಂತ್ರಗಳನ್ನು ಅಲ್ಲಿಯದೇ ಎಣ್ಣೆಯಿಂದ ನಡೆಸುವುದು ಅದರ ಆಲೋಚನೆ. ವಸಾಹತುಶಾಹಿಯ ಲೆಕ್ಕಾಚಾರವನ್ನು ಮರೆತು ಇದನ್ನು ಕೇವಲ ಪರಿಸರಪ್ರೇಮದ ಕಥೆಯನ್ನಾಗಿ ಹೇಳುವುದು ಸರಿಯಲ್ಲ.

ಕಡಲೆಕಾಯಿ ಎಣ್ಣೆ ಡೀಸೆಲ್ಲಿಗಿಂತ ಸುಮಾರು ಹತ್ತು ಪಟ್ಟು ಮಂದ. ಬಹುಕಾಲ ಹಾಗೆಯೇ ಉರಿಸಿದರೆ ಎಂಜಿನ್ನಿನೊಳಗೆ ಮಸಿ ಕಟ್ಟುತ್ತದೆ. ಎಣ್ಣೆಯನ್ನು ಆಲ್ಕೊಹಾಲಿನೊಡನೆ ವರ್ತಿಸಿ ಗ್ಲಿಸರಿನ್ ಬೇರ್ಪಡಿಸಿದರೆ ಅದು ತೆಳುವಾಗುವುದೆಂದು ಬೆಲ್ಜಿಯಮ್ಮಿನ ಶವಾನ್ ಎಂಬ ಪ್ರಾಧ್ಯಾಪಕರು 1937ರಲ್ಲಿ ಪೇಟೆಂಟ್ ಪಡೆದರು. ಮರುವರ್ಷ ತಾಳೆ ಎಣ್ಣೆಯಿಂದ ಹೀಗೆ ತಯಾರಿಸಿದ ಇಂಧನದಲ್ಲಿ ಬ್ರಸೆಲ್ಸ್ ಮತ್ತು ಲೂವೆನ್ ನಡುವೆ ಬಸ್ಸು ಓಡಿತು. ಇಂದು ನಾವು ಬಯೋಡೀಸೆಲ್ ಎನ್ನುವುದು ಇದನ್ನೇ. ಇದನ್ನು ಅಡಿಗೆಮನೆಯಲ್ಲಿ ಮಾಡಲು ಯಾರೂ ಹೊರಡಬಾರದೆಂದು ನನ್ನ ಖಚಿತವಾದ ಮಾತು. ಸಾಮಾನ್ಯವಾಗಿ ಬಳಸುವ ಮೆಥನಾಲ್ ಕಣ್ಣನ್ನೇ ಕಳೆಯಬಲ್ಲದು. ಹಗಲಿನಲ್ಲಿ ಅದರ ಜ್ವಾಲೆಯೂ ಸುಲಭವಾಗಿ ಕಾಣದು. ಜೊತೆಗೆ ಕಾಸ್ಟಿಕ್ ಸೋಡಾ ಬೇರೆ.

ಹಾಲು, ಕಡಲೆಕಾಯಿ ಎರಡೂ ಆಹಾರ. ಆದುದರಿಂದಲೇ ನಮ್ಮ ನಾಡಿನಲ್ಲಿ ಗಮನ ಹೊಂಗೆಯ ಕಡೆಗೆ ಹೊರಳಿತು. ಸೀಮೆಎಣ್ಣೆ ಬರುವ ಮುನ್ನ ಹಳ್ಳಿಯ ದೀಪಗಳಲ್ಲಿ ಉರಿಯುತ್ತಿದ್ದುದು ಗಾಣದ ಹೊಂಗೆಣ್ಣೆ. ತಿನ್ನಲು ಬಾರದು, ಹಿಂಡಿ ಗೊಬ್ಬರವಾಗುತ್ತದೆ. 1990ರ ದಶಕದ ಕೊನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಡೀಸೆಲ್ ಎಂಜಿನ್ನುಗಳನ್ನು ಹೊಂಗೆಣ್ಣೆಯಿಂದಲೇ ನಡೆಸುವ ಕೆಲಸವನ್ನು ಕೈಗೊಂಡರು. 2007ರಲ್ಲಿ ಹಾಸನದ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಆರಂಭವಾಯಿತು. 2009ರಲ್ಲಿ ರಾಜ್ಯವು ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತು. ಹೊಂಗೆಯ ಮರಗಳಿಗೆ ನಮ್ಮ ಬದುಗಳಲ್ಲಿ ಕೊರತೆಯಿಲ್ಲ. ಕಾಯಿಯನ್ನು ಆಯ್ದು, ಒಣಗಿಸಿ, ಒಡೆದು, ಬೀಜ ಬೇರ್ಪಡಿಸುವುದು ಮಾತ್ರ ಕೈಕೆಲಸ. ಬೇಸಗೆಯ ಬಿಸಿಲಿನಲ್ಲಿ ಅದನ್ನು ಬಹುಮಟ್ಟಿಗೆ ಮಾಡುವವರು ಹೆಂಗಸರು. ಅವರಿಗೆ ಸಿಗುವ ಕೂಲಿ ಗಿಟ್ಟದ ವರ್ಷ ಕಾಯಿ ಮರದಡಿಯಲ್ಲಿಯೇ ಉಳಿಯುತ್ತದೆ.