ಪ್ರಿಫೆಚ್ ಫೈಲ್ ಅಳಿಸಿದರೆ ಕಂಪ್ಯೂಟರ್ ಬೇಗ ಆನ್ ಆಗುತ್ತದೆಯೇ?

ಚಿಕ್ಕಜಾಲದ ಓದುಗರೊಬ್ಬರು ವಾಟ್ಸಾಪ್ ಫಾರ್ವರ್ಡ್ ಒಂದನ್ನು ಕಳಿಸಿ, ನಿಜವೇ ಎಂದು ಕೇಳಿದ್ದಾರೆ: ‘ಪ್ರಿಫೆಚ್ ಫೋಲ್ಡರ್‌ನಲ್ಲಿರುವ ಎಲ್ಲವನ್ನೂ ಅಳಿಸಿ, ನಾಲ್ಕು ಸಲ ರಿಫ್ರೆಶ್ ಒತ್ತಿ, ಕಂಪ್ಯೂಟರ್ ಹೊಸದರಂತೆ ಓಡುತ್ತದೆ.’ ಅವರ ಡೆಸ್ಕ್‌ಟಾಪ್ ಆನ್ ಆಗಲು ಹತ್ತು ನಿಮಿಷ ಬೇಕಂತೆ.

ನಿಜವಲ್ಲ. ಯಾವ ಪ್ರೋಗ್ರಾಂ ತೆರೆಯುವಾಗ ಯಾವ ಫೈಲ್ ಬೇಕು ಎಂಬುದನ್ನು ವಿಂಡೋಸ್ ಆ ಫೋಲ್ಡರ್‌ನಲ್ಲಿ ಗುರುತು ಹಾಕಿಕೊಂಡಿರುತ್ತದೆ. ಮುಂದಿನ ಸಲ ಅವನ್ನು ಮೊದಲೇ ಓದಿಟ್ಟುಕೊಳ್ಳುವುದಕ್ಕೆ. 2001ರ ಎಕ್ಸ್‌ಪಿ ಕಾಲದಿಂದಲೂ ಈ ವ್ಯವಸ್ಥೆ ಇದೆ. ಅಳಿಸಿದರೆ ಮತ್ತೆ ಮೊದಲಿನಿಂದ ಬರೆದುಕೊಳ್ಳಬೇಕು. ಅಲ್ಲಿಯವರೆಗೆ ಇನ್ನೂ ನಿಧಾನವಾಗಬಹುದು. ರಿಫ್ರೆಶ್ ಮಾಡುವುದು ಪರದೆಯ ಐಕಾನ್‌ಗಳನ್ನು ಮತ್ತೊಮ್ಮೆ ತೋರಿಸುವ ಕೆಲಸ, ಅಷ್ಟೇ. (ಕಾಲೇಜಿನಲ್ಲಿ ನಾವೂ ಒತ್ತುತ್ತಲೇ ಇದ್ದೆವು.)

ಹಾಗಾದರೆ ಏನು ಮಾಡಬೇಕು? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿ. ಆಂಟಿವೈರಸ್ ಮಾತ್ರ ಮುಟ್ಟಬೇಡಿ. ಬಳಿಕ ಪರ್ಫಾರ್ಮೆನ್ಸ್‌ನಲ್ಲಿ ಡಿಸ್ಕ್ ನೋಡಿ. ಆನ್ ಆಗಿ ಬಹಳ ಹೊತ್ತಾದರೂ 100% ತೋರಿಸುತ್ತಿದ್ದರೆ ಹಳೆಯ ಹಾರ್ಡ್ ಡಿಸ್ಕ್ ಮೇಲೆಯೇ ನಮ್ಮ ಅನುಮಾನ. ಅದು ನಿಮಿಷಕ್ಕೆ 7200 ಸುತ್ತು ತಿರುಗಿದರೂ, ಓದುವ ಹೆಡ್ ಒಂದೊಂದು ಫೈಲ್‌ಗೂ ಅತ್ತಿತ್ತ ಸರಿಯಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹಳೆಯ ಡೆಸ್ಕ್‌ಟಾಪ್‌ಗಳಿಗೂ ಸಾಮಾನ್ಯವಾಗಿ ಅದನ್ನು ಹಾಕಿಸಬಹುದು.

ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದೆಯೇ? ಆಗ ಇದ್ಯಾವುದನ್ನೂ ಮಾಡುತ್ತಾ ಕೂರಬೇಡಿ, ಅದು ಕೆಡುತ್ತಿರುವ ಸೂಚನೆ. ಮಕ್ಕಳ ಫೋಟೊ, ಪಹಣಿಯ ಸ್ಕ್ಯಾನ್, ನುಡಿಯಲ್ಲಿ ಟೈಪ್ ಮಾಡಿಟ್ಟ ಪತ್ರಗಳನ್ನು ಮೊದಲು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ರಿಪೇರಿಯವರನ್ನು ಆಮೇಲೆ ಕರೆಯಿರಿ.