ಬಳ್ಳಿಗಾವಿಯ ಮದ್ದಳೆಗಾರ: ಶೂನ್ಯಸಿಂಹಾಸನಕ್ಕೆ ಮೊದಲಿನ ಅಲ್ಲಮ

ಅಲ್ಲಮಪ್ರಭು ಎಂದ ತಕ್ಷಣ ನಮಗೆ ನೆನಪಾಗುವುದು ಕಲ್ಯಾಣ, ಅನುಭವ ಮಂಟಪ, ಶೂನ್ಯಸಿಂಹಾಸನ. ಶಾಲೆಯ ಪಾಠದಲ್ಲಿ ಓದಿದ್ದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಕಲ್ಯಾಣಕ್ಕೆ ಹೋಗುವ ಮೊದಲು ಅಲ್ಲಮನಿಗೆ ಒಂದು ಊರಿತ್ತು, ಒಂದು ಕಸುಬಿತ್ತು. ಊರು ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಕಸುಬು ಮದ್ದಳೆ ಬಾರಿಸುವುದು.

ಊರಿನ ಹೆಸರನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಕಸುಬನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿ ಮುಂದೆ ಹೋಗುತ್ತೇವೆ. ಈ ಲೇಖನ ಆ ಒಂದು ಸಾಲಿನ ಬಗ್ಗೆ.

ಆಗಿನ ಬಳ್ಳಿಗಾವಿ ಹೇಗಿತ್ತು?

ಶಿರಾಳಕೊಪ್ಪದಿಂದ ಬಳ್ಳಿಗಾವಿಗೆ ಹೋದರೆ ಈಗ ಕಾಣುವುದು ಸುತ್ತ ಹೊಲಗದ್ದೆ, ನಡುವೆ ಒಂದು ಸಣ್ಣ ಊರು. ಕೇದಾರೇಶ್ವರ ಗುಡಿ, ತ್ರಿಪುರಾಂತಕೇಶ್ವರ ಗುಡಿ, 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬ ಇವೆ. ಹನ್ನೊಂದು, ಹನ್ನೆರಡನೇ ಶತಮಾನದಲ್ಲಿ ಇದು ಸಣ್ಣ ಊರಾಗಿರಲಿಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ನಾಡಿನ ಆಡಳಿತ ಇಲ್ಲಿಂದಲೇ ನಡೆಯುತ್ತಿತ್ತು. ವ್ಯಾಪಾರ, ಮಠ, ಗುಡಿ, ಪಾಠಶಾಲೆ ಎಲ್ಲ ಇತ್ತು. ಗುಡಿ ಎಂದರೆ ಆಗ ಪೂಜೆ ಮಾತ್ರ ಅಲ್ಲ. ದೇವರ ಮುಂದೆ ಹಾಡು, ಕುಣಿತ ನಡೆಯಬೇಕು. ಅದಕ್ಕೆ ಹಾಡುವವರು, ಕುಣಿಯುವವರು, ಕೊಳಲಿನವರು, ಮದ್ದಳೆಯವರು ಬೇಕು.

ಇಲ್ಲಿನ ಕೋಡಿಯ ಮಠದ 1162ರ ಶಾಸನ ಬಹಳ ಪ್ರಸಿದ್ಧ. ಕಲಚುರಿ ಬಿಜ್ಜಳನ ಕಾಲದ್ದು. ಆ ಮಠದಲ್ಲಿ ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕ ಕಲಿಸುತ್ತಿದ್ದರು, ರೋಗಿಗಳಿಗೆ ಮದ್ದು ಕೊಡುತ್ತಿದ್ದರು ಎಂದು ಅದು ಹೇಳುತ್ತದೆ. ನಮ್ಮ ತಾಲ್ಲೂಕಿನಲ್ಲಿ ಎಂಟುನೂರು ವರ್ಷಗಳ ಹಿಂದೆಯೇ ವಿಶ್ವವಿದ್ಯಾಲಯ ಇತ್ತು ಎಂದು ಭಾಷಣಗಳಲ್ಲಿ ಕೇಳುತ್ತೇವಲ್ಲ, ಅದು ಈ ಶಾಸನದ ಬಲದಿಂದ.

ಅದೇ ಶಾಸನದಲ್ಲಿ ಇನ್ನೊಂದು ಪಟ್ಟಿ ಇದೆ. ಮಠದಲ್ಲಿ ಯಾರಿಗೆಲ್ಲ ಅನ್ನ ಸಿಗುತ್ತಿತ್ತು ಎಂಬ ಪಟ್ಟಿ. ಬಡವರು, ದಿಕ್ಕಿಲ್ಲದವರು, ಕಾಲಿಲ್ಲದವರು, ಕಣ್ಣಿಲ್ಲದವರು, ಕಿವಿ ಕೇಳದವರು. ಇವರ ಹಿಂದೆಯೇ ಕತೆ ಹೇಳುವವರು, ಹಾಡುವವರು, ವಾದ್ಯದವರು, ಕೊಳಲಿನವರು, ಕುಣಿಯುವವರು ಬರುತ್ತಾರೆ. ಪಾಠ ಹೇಳುವ ಪಂಡಿತರ ಸಾಲು ಬೇರೆ, ಊಟಕ್ಕೆ ಬಂದ ಕಲಾವಿದರ ಸಾಲು ಬೇರೆ.

1162 ಎಂದರೆ ಹೆಚ್ಚುಕಡಿಮೆ ಅಲ್ಲಮನ ಕಾಲವೇ. ಬಳ್ಳಿಗಾವಿಯಲ್ಲಿ ವಾದ್ಯ ನುಡಿಸುವವನು ಯಾವ ಸಾಲಿನಲ್ಲಿ ನಿಲ್ಲುತ್ತಿದ್ದ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಶಿಲ್ಪಿಯ ಹೆಸರು ಉಳಿಯಿತು

ಇದೇ ಊರಿನ ಇನ್ನೊಂದು ಕಸುಬಿನವರ ಕತೆ ನೋಡಿ. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಕೆಲಸ ಮಾಡಿದ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವಿಯವರು. ತಾವು ಕೆತ್ತಿದ ಶಿಲ್ಪದ ಕೆಳಗೆ ಹೆಸರು, ಊರು ಎರಡನ್ನೂ ಕೊರೆದಿದ್ದಾರೆ. ಆ ಗುಡಿಯ ಕುಣಿಯುವ ಮದನಿಕೆಯರ ಪಕ್ಕದಲ್ಲಿ ಸಣ್ಣದಾಗಿ ವಾದ್ಯದವರು ನಿಂತಿರುತ್ತಾರೆ. ಕೆತ್ತಿದವನ ಹೆಸರು ನಮಗೆ ಗೊತ್ತು. ಬಾರಿಸುವವನ ಹೆಸರು ಯಾರಿಗೂ ಗೊತ್ತಿಲ್ಲ.

ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ವೀರಗಲ್ಲುಗಳಿಗೆ ಲೆಕ್ಕವಿಲ್ಲ. ಸತ್ತ ವೀರನನ್ನು ಸ್ವರ್ಗಕ್ಕೆ ಕರೆದುಕೊಂಡು ಹೋಗುವ ಪಟ್ಟಿಕೆಯಲ್ಲಿ ಕೆಲವು ಕಡೆ ವಾದ್ಯದವರೂ ಇರುತ್ತಾರೆ. ಅಲ್ಲೂ ಹೆಸರಿರುವುದು ವೀರನಿಗೆ.

ಮದ್ದಳೆಯ ಕೆಲಸ ಏನು?

ಮದ್ದಳೆ ಎಂದರೆ ಎರಡೂ ಕಡೆ ಚರ್ಮ ಬಿಗಿದ ಮರದ ವಾದ್ಯ. ಯಕ್ಷಗಾನ ನೋಡುವವರಿಗೆ ಹೇಳಿಕೊಡಬೇಕಿಲ್ಲ. ಚಂಡೆ ಗುಡುಗಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಮದ್ದಳೆ ಹಾಗಲ್ಲ. ಭಾಗವತರ ಪದದ ಜೊತೆಗೇ ನಡೆಯುತ್ತದೆ. ಬಲಗೈ ಕಡೆ ಎತ್ತರದ ನಾದ, ಎಡಗೈ ಕಡೆ ತಗ್ಗಿನ ನಾದ. ಈ ತಗ್ಗಿನ ನಾದ ಇದೆ ಎಂದು ನಮಗೆ ಗೊತ್ತಾಗುವುದು ಅದು ನಿಂತಾಗ. ನಿಂತರೆ ಹಾಡಿಗೆ ನೆಲವೇ ಇಲ್ಲದಂತಾಗುತ್ತದೆ.

ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಈ ಕೆಲಸ ಮಾಡುವುದು ಬೇಸ್ ಗಿಟಾರ್. ನಾಲ್ಕು ದಪ್ಪ ತಂತಿ, ವೇದಿಕೆಯ ಹಿಂದೆ ನಿಂತ ಒಬ್ಬ ಹುಡುಗ. ಗಾಯಕನ ಹೆಸರನ್ನು ಮೈಕಿನಲ್ಲಿ ಹತ್ತು ಸಲ ಕೂಗುತ್ತಾರೆ, ಇವನದ್ದು ಒಂದು ಸಲ ಬಂದರೆ ಹೆಚ್ಚು.

ಇದು ನಮ್ಮಲ್ಲಿ ಮಾತ್ರ ಅಲ್ಲ. 1982ರಲ್ಲಿ ಲಂಡನ್ನಿನಲ್ಲಿ ‘ದ ಪೋಗ್ಸ್’ ಎಂಬ ತಂಡ ಹುಟ್ಟಿತು. ಐರ್ಲೆಂಡಿನ ಜಾನಪದ ಹಾಡಿನ ಧಾಟಿಯನ್ನು ಪಂಕ್ ಎಂಬ ಅಬ್ಬರದ ಸಂಗೀತಕ್ಕೆ ಕೂಡಿಸಿ ಹೆಸರಾದ ತಂಡ. ಗಾಯಕ ಶೇನ್ ಮ್ಯಾಕ್‌ಗವನ್ 2023ರಲ್ಲಿ ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಮೊದಲು ಬೇಸ್ ನುಡಿಸಿದ ಕೇಟ್ ಒರಿಯೊರ್ಡನ್ ಎಂಬ ಹೆಣ್ಣುಮಗಳು 1986ರಲ್ಲಿ ತಂಡ ಬಿಟ್ಟರು. ಆಮೇಲೆ ಬಂದ ಡ್ಯಾರಿಲ್ ಹಂಟ್ 2022ರಲ್ಲಿ ತೀರಿಕೊಂಡರು. ಇವರ ಹೆಸರು ಗೊತ್ತಿರುವುದು ತಂಡದ ಅಭಿಮಾನಿಗಳಿಗೆ ಮಾತ್ರ.

ಹಿಂದೆ ನಿಂತು ನುಡಿಸುವವರ ಗತಿ ಎಲ್ಲೆಡೆ ಇದೇ. ಬಳ್ಳಿಗಾವಿಯ ಒಬ್ಬ ಮದ್ದಳೆಗಾರನ ಹೆಸರು ಮಾತ್ರ ಎಂಟುನೂರು ವರ್ಷ ಉಳಿದುಬಂತು.

ಎರಡು ಕಾವ್ಯ, ಎರಡು ಅಲ್ಲಮ

ಅಲ್ಲಮನ ಕತೆಯನ್ನು ಮೊದಲು ಹೇಳಿದವನು ಹರಿಹರ, ‘ಪ್ರಭುದೇವರ ರಗಳೆ’ಯಲ್ಲಿ. ಅವನು ಅಲ್ಲಮನ ಕಾಲಕ್ಕೆ ಹತ್ತಿರದ ಕವಿ. ಅವನ ಪ್ರಕಾರ ಅಲ್ಲಮ ಬಳ್ಳಿಗಾವಿಯ ನಾಗವಾಸಾಧಿಪತಿಯ ಮಗ. ನಾಗವಾಸ ಎಂದರೆ ಗುಡಿಯ ಕುಣಿತ, ವಾದ್ಯದವರ ವರ್ಗ ಎಂದು ಕೆಲವು ವಿದ್ವಾಂಸರು ಅರ್ಥ ಮಾಡುತ್ತಾರೆ. ಮದ್ದಳೆಯಲ್ಲಿ ನಿಪುಣನಾದ ಅಲ್ಲಮ ಕಮಲತೆ ಎಂಬವಳನ್ನು ಪ್ರೀತಿಸಿ ಮದುವೆಯಾಗುತ್ತಾನೆ. ಅವಳಿಗೆ ಜ್ವರ ಬರುತ್ತದೆ, ಸಾಯುತ್ತಾಳೆ. ಅಲ್ಲಮ ಹುಚ್ಚನಂತೆ ಅಲೆಯುತ್ತಾನೆ. ಒಂದು ತೋಟದಲ್ಲಿ ಸುಮ್ಮನೆ ಕೂತು ಕಾಲಿನ ಉಗುರಿನಿಂದ ನೆಲ ಕೆರೆಯುವಾಗ ಮಣ್ಣಿನಲ್ಲಿ ಹೂತುಹೋದ ಗುಡಿಯ ಕಳಶ ಕಾಣುತ್ತದೆ. ಅಗೆಸಿ ಒಳಗೆ ಹೋದರೆ ಅನಿಮಿಷಯ್ಯ ಎಂಬ ಯೋಗಿ ಕಣ್ಣು ಮಿಟುಕಿಸದೆ ಕೂತಿದ್ದಾನೆ. ಅವನ ಕೈಯ ಲಿಂಗ ಅಲ್ಲಮನ ಕೈಗೆ ಬರುತ್ತದೆ. ಅಲ್ಲಿಂದ ಅಲ್ಲಮನ ದಾರಿ ಬದಲಾಗುತ್ತದೆ.

ಹದಿನೈದನೇ ಶತಮಾನದಲ್ಲಿ ಚಾಮರಸ ‘ಪ್ರಭುಲಿಂಗಲೀಲೆ’ ಬರೆದಾಗ ಕತೆ ಬೇರೆಯಾಯಿತು. ಇಲ್ಲಿ ಅಲ್ಲಮ ಹುಟ್ಟುವಾಗಲೇ ವಿರಾಗಿ. ಸೊರಬದ ಪಕ್ಕದ ಬನವಾಸಿಯಲ್ಲಿ ಮಧುಕೇಶ್ವರನ ಮುಂದೆ ರಾಜಕುಮಾರಿ ಮಾಯೆ ಕುಣಿಯುತ್ತಾಳೆ, ಅಲ್ಲಮ ಮದ್ದಳೆ ಬಾರಿಸುತ್ತಾನೆ. ಅವಳು ಅವನನ್ನು ಬಯಸುತ್ತಾಳೆ. ಅವನು ಸಿಗುವುದಿಲ್ಲ.

ಭಕ್ತರಿಗೆ ಎರಡನೇ ಕತೆ ಹೆಚ್ಚು ಇಷ್ಟವಾಯಿತು. ಹೆಂಡತಿಯನ್ನು ಕಳೆದುಕೊಂಡು ಅಳುವ ಗುರುವಿಗಿಂತ ಮಾಯೆಯನ್ನು ಗೆದ್ದ ಗುರು ದೊಡ್ಡವನಾಗಿ ಕಾಣುವುದು ಸಹಜ. ಆದರೆ ಎರಡೂ ಕವಿಗಳು ಒಂದನ್ನು ಮಾತ್ರ ಬಿಡಲಿಲ್ಲ. ಅದು ಮದ್ದಳೆ. ಪ್ರೇಮಿಯನ್ನು ವಿರಾಗಿ ಮಾಡಿದ ಚಾಮರಸನಿಗೂ ಮದ್ದಳೆಯನ್ನು ಅಲ್ಲಮನ ಕೈಯಿಂದ ಕಿತ್ತುಕೊಳ್ಳಲು ಆಗಲಿಲ್ಲ. ಜನರ ನೆನಪಿನಲ್ಲಿ ಅದು ಅಷ್ಟು ಗಟ್ಟಿಯಾಗಿತ್ತು. 2017ರಲ್ಲಿ ತೆರೆಗೆ ಬಂದ ಟಿ.ಎಸ್. ನಾಗಾಭರಣ ಅವರ ‘ಅಲ್ಲಮ’ ಸಿನಿಮಾದಲ್ಲೂ ಧನಂಜಯ ಅವರ ಅಲ್ಲಮನ ಕೈಯಲ್ಲಿ ಮದ್ದಳೆ ಇದೆ.

ಕಲ್ಯಾಣದಲ್ಲಿ

ಕಲ್ಯಾಣದ ದಾರಿಯಲ್ಲಿ ಅಲ್ಲಮ ಕಂಡವರೆಲ್ಲ ಕೆಲಸ ಮಾಡುವವರು. ತೋಟದ ಗೊಗ್ಗಯ್ಯನ ಜೊತೆ ಕೃಷಿಯ ಮಾತಿನಲ್ಲೇ ವಾದ ಮಾಡುತ್ತಾನೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ‘ವಡ್ಡ’ ಎಂದೇ ಕರೆದು ಕೆಣಕುತ್ತಾನೆ. ಅನುಭವ ಮಂಟಪದಲ್ಲಿ ಅಂಬಿಗ, ಮಾದಾರ, ಮಡಿವಾಳ ಎಲ್ಲರೂ ಕಸುಬನ್ನು ಹೆಸರಿನ ಜೊತೆಗೇ ಇಟ್ಟುಕೊಂಡವರು. ನಮ್ಮದೇ ತಾಲ್ಲೂಕಿನ ಉಡುತಡಿಯಿಂದ ಹೋದ ಅಕ್ಕಮಹಾದೇವಿಯನ್ನು ಅಲ್ಲಿ ಕಟುವಾಗಿ ಪ್ರಶ್ನಿಸಿದವನೂ ಬಳ್ಳಿಗಾವಿಯ ಇವನೇ. ಈ ಸಭೆಯ ಮೇಲಿನ ಪೀಠದಲ್ಲಿ ಬಸವಣ್ಣನವರು ಕೂರಿಸಿದ್ದು ಒಬ್ಬ ಮದ್ದಳೆಗಾರನನ್ನು. ಪಂಡಿತನನ್ನಲ್ಲ, ಮಠದ ಆಚಾರ್ಯನನ್ನಲ್ಲ.

ಕೋಡಿಯ ಮಠದ ಊಟದ ಸಾಲಿನಿಂದ ಶೂನ್ಯಸಿಂಹಾಸನಕ್ಕೆ ಇರುವ ದೂರವನ್ನು ಲೆಕ್ಕ ಹಾಕಿ ನೋಡಿ. ಕಲ್ಯಾಣ ಮಾಡಿದ ಕ್ರಾಂತಿ ಎಷ್ಟು ದೊಡ್ಡದು ಎಂದು ಆಗ ಗೊತ್ತಾಗುತ್ತದೆ.

ಅಲ್ಲಮನ ಸಾವಿರಕ್ಕೂ ಹೆಚ್ಚು ವಚನ ಸಿಕ್ಕಿವೆ. ಗುಹೇಶ್ವರ ಅವನ ಅಂಕಿತ. ಶಬ್ದ, ನಿಶ್ಶಬ್ದದ ಮಾತು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ತತ್ವಶಾಸ್ತ್ರದ ಅರ್ಥ ಹೇಳುವವರು ಬಹಳ ಜನ ಇದ್ದಾರೆ. ಆದರೆ ಎರಡು ಪೆಟ್ಟಿನ ನಡುವೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂದು ತಿಳಿದವನೇ ತಾಳ ಬಲ್ಲವನು. ನಿಶ್ಶಬ್ದದ ಮೊದಲ ಪಾಠ ಅಲ್ಲಮನಿಗೆ ಮದ್ದಳೆಯಿಂದಲೇ ಸಿಕ್ಕಿರಬಹುದು ಎಂದು ನಮಗೆ ಅನಿಸುತ್ತದೆ.

ಈಗಲೂ ನಮ್ಮ ಎರಡು ತಾಲ್ಲೂಕುಗಳಲ್ಲಿ ಡೊಳ್ಳಿನವರು, ವಾಲಗದವರು, ಭಜನೆಗೆ ತಬಲಾ ನುಡಿಸುವವರು ಇದ್ದಾರೆ. ಜಾತ್ರೆ ಮುಗಿದ ಮೇಲೆ ಊಟ ಹಾಕಿ, ಒಂದಿಷ್ಟು ದುಡ್ಡು ಕೊಟ್ಟು ಕಳಿಸುತ್ತೇವೆ. ಕರಪತ್ರದಲ್ಲಿ ದೇಣಿಗೆ ಕೊಟ್ಟವರ ಹೆಸರು ಎರಡು ಪುಟ ಇರುತ್ತದೆ. ವಾದ್ಯದವರದ್ದು ‘ಮತ್ತು ಸಂಗಡಿಗರು’ ಎಂಬ ಎರಡು ಪದದಲ್ಲಿ ಮುಗಿಯುತ್ತದೆ. ಮುಂದಿನ ಜಾತ್ರೆಯ ಕರಪತ್ರ ಅಚ್ಚಿಗೆ ಹೋಗುವ ಮೊದಲು ಆ ಸಂಗಡಿಗರ ಹೆಸರು ಕೇಳಿ ಬರೆಸಿ. ಬಳ್ಳಿಗಾವಿ ಸುತ್ತಿನ ನಾವು ಇಷ್ಟನ್ನಾದರೂ ಮಾಡಬೇಕು.